ಬೀಗದಣ್ಣ ಹೇಳಿದ್ದು

ಆ ಮನೆಯಲ್ಲಿ ಅಪ್ಪನಿಗೂ ಮಗಳಿಗೂ ಮಾತು ನಿಂತು ಕೆಲವು ವಾರಗಳಾಗಿದ್ದವು. ಪೂರ್ತಿ ನಿಂತಿತ್ತು ಎನ್ನುವಂತಿರಲಿಲ್ಲ. ಅಜ್ಜಿಯ ಮೂಲಕ ಸುತ್ತು ಹಾಕಿಕೊಂಡು ಹೋಗುತ್ತಿತ್ತು.

"ಅಮ್ಮ, ಅವಳಿಗೆ ಹೇಳು, ಬಚ್ಚಲು ದೀಪ ಆರಿಸಿ ಬರೋದು ಕಲೀಲಿ ಅಂತ."

"ಅಜ್ಜಿ, ಅಪ್ಪನಿಗೆ ಹೇಳು, ಈಗಷ್ಟೇ ಬಚ್ಚಲಿಂದ ಬಂದದ್ದು ಅಪ್ಪನೇ ಅಂತ."

ಅಜ್ಜಿ ಬ್ರೆಡ್ಡನ್ನು ಚಹಾದಲ್ಲಿ ಅದ್ದುತ್ತಿದ್ದವಳು ಕೈ ತಡೆದಳು. "ನಾನೇನು ನಿಮ್ಮನೆ ಟೆಲಿಫೋನ್ ಕಂಬವಾ? ಒಂದೇ ಮೇಜಿಗೆ ಮೊಣಕೈ ಊರಿ ಕೂತಿದ್ದೀರಿ. ಮುಖ ನೋಡಿ ಹೇಳಿಕೊಳ್ಳಿ. ನೋಡಿ, ನಿಮ್ಮಿಂದ ಬ್ರೆಡ್ಡು ಮುಳುಗಿ ಹೋಯ್ತು."

ಯಾರೂ ನಗಲಿಲ್ಲ. ಅಪ್ಪನ ಹೆಂಡತಿ ಅಜ್ಜಿಯ ಲೋಟಕ್ಕೊಂದು ಚಮಚ ಹಾಕಿ ಎದ್ದುಹೋದಳು. ಅವಳಿಗೆ ಬೇಕರಿಯಲ್ಲಿ ಬೆಳಗಿನ ಪಾಳಿ. ಊರೆಲ್ಲ ಏಳುವ ಮೊದಲೇ ಎದ್ದು ಹೋಗಿ ಬಂದವಳಿಗೆ ಈ ಜಗಳಕ್ಕೆ ಕೊಡಲು ಶಕ್ತಿ ಉಳಿದಿರುತ್ತಿರಲಿಲ್ಲ.

ಅಪ್ಪ ರೇಡಿಯೋ ಕೇಂದ್ರದ ಧ್ವನಿಮುದ್ರಣ ವಿಭಾಗದ ಮುಖ್ಯಸ್ಥ. ನೌಕರಿಯ ಉದ್ದಕ್ಕೂ ಗಾಜಿನ ಗೋಡೆಯ ಈಚೆಗೆ ಅವನು, ಆಚೆಗೆ ಮೈಕಿನ ಮುಂದೆ ಮಾತಾಡುವವರು. ಅಲ್ಲಿ ಒಬ್ಬರು ಬರೆಯಬೇಕು, ಇನ್ನೊಬ್ಬರು ತಿದ್ದಬೇಕು, ಮತ್ತೊಬ್ಬರು ಒಪ್ಪಿಗೆ ಹಾಕಬೇಕು, ಒಳ್ಳೆಯ ದನಿ ಇರುವವರು ಓದಬೇಕು. ಆಮೇಲೆ ಅಪ್ಪ ಅದರೊಳಗಿನ ಕೆಮ್ಮು, ಉಸಿರು, ತಡವರಿಕೆ, ಕಾಗದದ ಸರಸರ ಎಲ್ಲವನ್ನೂ ಹೆಕ್ಕಿ ತೆಗೆದು ನುಣ್ಣಗೆ ಮಾಡಬೇಕು. ಗಡಿಯಾರ ಹಿಡಿದವರು ಅಳತೆ ಸರಿಯಾಯಿತೆಂದು ತಲೆಯಾಡಿಸಬೇಕು. ಹೀಗೆ ಹತ್ತಾರು ಕೈ ದಾಟಿದ ಕಾರ್ಯಕ್ರಮ ಕೊನೆಗೆ ಗಾಳಿಗೇರುವಾಗ ಅದರ ಮೇಲೆ ಯಾರ ಬೆರಳ ಗುರುತೂ ಇರುತ್ತಿರಲಿಲ್ಲ. ಅದೇ ಅವನ ಹೆಮ್ಮೆ. ಯಾರನ್ನೂ ಏನೂ ಕೇಳದ ಮನುಷ್ಯ, ಮಗಳಿಗೊಂದು ಜಾಗ ಸಿಗಲೆಂದು ಮೇಲಿನವರ ಬಾಗಿಲಲ್ಲಿ ಹೋಗಿ ನಿಂತಿದ್ದ. ಮಗಳು ಸೇರಿದಳು, ವರ್ಷ ತುಂಬುವ ಮೊದಲೇ ಬಿಟ್ಟು ಬಂದಳು.

ಆ ದಿನದ ಮಾತು ಅವನಿಗೆ ಬಾಯಿಪಾಠವಾಗಿತ್ತು.

"ಬಿಟ್ಟು ಏನು ಮಾಡ್ತೀಯ?"

"ನಾನೇ ಕಾರ್ಯಕ್ರಮ ಮಾಡ್ತೀನಿ."

"ಯಾವ ಕೇಂದ್ರಕ್ಕೆ?"

"ಕೇಂದ್ರ ಯಾಕಪ್ಪಾ? ನಮ್ಮ ಬೀದಿಯವರ ಫೋನಿಗೆ ಕಳಿಸ್ತೀನಿ. ಅವರು ಅಕ್ಕಪಕ್ಕದ ಬೀದಿಗೆ ಕಳಿಸ್ತಾರೆ."

"ಬರೆಯೋರು ಯಾರು?"

"ಯಾರೂ ಬರೆಯಲ್ಲ. ಜನ ಮಾತಾಡ್ತಾರೆ."

"ತಿದ್ದೋರು?"

"ಕೇಳಿದವರೇ. ತಪ್ಪಿದ್ದರೆ ಮಾರನೇ ವಾರ ಅವರ ದನಿಯಲ್ಲೇ ಹೇಳಿ ಕಳಿಸ್ತಾರೆ. ಅದನ್ನೂ ಹಾಕ್ತೀನಿ."

"ಅದನ್ನ ಕಾರ್ಯಕ್ರಮ ಅನ್ನಲ್ಲ. ಹರಟೆ ಅಂತಾರೆ."

"ಹರಟೆಯೇ. ಹೆಸರೂ ಅದನ್ನೇ ಇಟ್ಟಿದ್ದೀನಿ. 'ಕಟ್ಟೆ ಹರಟೆ'."

ಅಲ್ಲಿಗೆ ಮಾತು ಮುರಿಯಿತು. ಮಗಳು ಬೆಳಗ್ಗೆ ಕಣ್ಣಿನ ಆಸ್ಪತ್ರೆಯೊಂದರಲ್ಲಿ ಚೀಟಿ ಬರೆಯುವ ಅರ್ಧ ದಿನದ ಕೆಲಸ ಹಿಡಿದಳು. ಮಧ್ಯಾಹ್ನ ಬಂದು, ಬಟ್ಟೆ ಇಸ್ತ್ರಿ ಮಾಡುತ್ತಿದ್ದ ಹಿಂದಿನ ಕೋಣೆಗೆ ಸದ್ದು ನುಗ್ಗದಂತೆ ಕಂಬಳಿಗಳನ್ನು ನೇತುಹಾಕಿ ಧ್ವನಿಮುದ್ರಣ ಶುರು ಮಾಡುತ್ತಿದ್ದಳು. ಆ ಹೊತ್ತಿಗೆ ಅಡುಗೆಮನೆಯಲ್ಲಿ ಕುಕ್ಕರು ಕೂಗಬಾರದು, ನಲ್ಲಿ ತಿರುಗಿಸಬಾರದು. ಕೆಮ್ಮು ಬಂದರೆ ಅಜ್ಜಿ ಬೀದಿ ಬಾಗಿಲಿಗೆ ಓಡಬೇಕು. "ಈ ಮನೆಯಲ್ಲಿ ಮೊದಲು ಒಬ್ಬನಿಗೆ ಹೆದರಿ ಉಸಿರು ಬಿಡ್ತಿದ್ದೆ, ಈಗ ಇಬ್ಬರಿಗೆ," ಎಂದು ಅಜ್ಜಿ ಗೊಣಗುತ್ತಿದ್ದಳು.

ಒಮ್ಮೆ ಮಗಳು ಶಾಲೆಯ ಗಂಟೆ ಹೊಡೆಯುವ ಆಯಾಳನ್ನು ಕೂರಿಸಿಕೊಂಡು ಮಾತಾಡಿಸುತ್ತಿದ್ದಾಗ ಅಪ್ಪ ಬಾಗಿಲು ತೆರೆದು ನಿಂತ. ತಲೆ ಓರೆ ಮಾಡಿ ಸ್ವಲ್ಪ ಹೊತ್ತು ಕೇಳಿದ. "ಬಾವಿಯೊಳಗೆ ಕೂತು ಮಾತಾಡಿದ ಹಾಗಿದೆ," ಎಂದು ಗೋಡೆಗೆ ಹೇಳಿ ಹೊರಟುಹೋದ. ಆಯಾ ಗಾಬರಿಯಾಗಿ ಆಮೇಲೆ ಬಾಯಿಯನ್ನೇ ಬಿಡಲಿಲ್ಲ.

ಅಂದು ಊಟಕ್ಕೆ ಕೂತಾಗ ಮಗಳು ಅಜ್ಜಿಯನ್ನು ಬಿಟ್ಟು ನೇರವಾಗಿ ತಾಯಿಗೇ ಹೇಳಿದಳು. "ಅಮ್ಮ, ಸೇತುವೆ ಆಚೆ ಒಂದು ರೂಮು ಇದೆಯಂತೆ. ಮೇಲ್ಮಹಡಿ, ಸದ್ದಿಲ್ಲ. ಗುರುವಾರ ನೋಡ್ಕೊಂಡು ಬರ್ತೀನಿ. ಹಿಡಿಸಿದರೆ ಬರೋ ತಿಂಗಳಿಂದ ಅಲ್ಲೇ ಇರ್ತೀನಿ."

"ಒಬ್ಬಳೇ?"

"ಒಬ್ಬಳೇ."

ಹೆಂಡತಿ ಗಂಡನ ಮುಖ ನೋಡಿದಳು. ಅವನು ಬೇಳೆಯನ್ನು ಅನ್ನಕ್ಕೆ ಕಲಸುತ್ತಲೇ ಇದ್ದ. ಕಲಸಿದ್ದನ್ನೇ ಮತ್ತೆ ಕಲಸಿದ. ಬೇಡ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಅಜ್ಜಿಯ ಮೂಲಕ ಹೇಳಿಸುವ ಮಾತೂ ಅಲ್ಲ ಅದು. ಕೈ ತೊಳೆದು ಎದ್ದ.

ಅದೇ ವಾರ ಕೇಂದ್ರದಲ್ಲಿ ಎಲ್ಲರನ್ನೂ ಒಂದು ಕಡೆ ಸೇರಿಸಿ ಹೇಳಿದರು. ಇನ್ನು ಮುಂದೆ ಕಾರ್ಯಕ್ರಮಗಳೆಲ್ಲ ಮುಖ್ಯ ಕೇಂದ್ರದಿಂದಲೇ ಸಿದ್ಧವಾಗಿ ಬರುತ್ತವೆ. ಇಲ್ಲಿಯ ಸ್ಟುಡಿಯೋಗಳಿಗೆ ಬೀಗ. ಯಾರ ನೌಕರಿಯೂ ಹೋಗುವುದಿಲ್ಲ. ಪರದೆಯ ಮುಂದೆ ಕೂತು, ಬರುತ್ತಿರುವುದು ಸರಿಯಾಗಿ ಬರುತ್ತಿದೆಯೇ ಎಂದು ನೋಡಿಕೊಂಡರೆ ಸಾಕು. "ಆರಾಮ ಬಿಡಿ ಸಾರ್, ಸಂಬಳಕ್ಕೆ ಸಂಬಳ, ಕಿವಿಗೆ ರಜ," ಎಂದ ಜೊತೆಯವನೊಬ್ಬ. ಅಪ್ಪ ಹೋಗಿ ಮೈಕುಗಳ ತಂತಿಗಳನ್ನು ಸುತ್ತಿ, ಪ್ರತಿ ಸುರುಳಿಗೂ ದಾರ ಕಟ್ಟಿ ಕಪಾಟಿನಲ್ಲಿಟ್ಟ. ಮನೆಗೆ ಬಂದು ಹೆಂಡತಿಗೆ ಒಂದೇ ವಾಕ್ಯದಲ್ಲಿ ವಿಷಯ ಹೇಳಿದ.

"ಮಗಳಿಗೆ ಹೇಳ್ತೀರಾ?"

"ಅವಳಿಗ್ಯಾಕೆ? ಖುಷಿ ಪಡಲಿ ಅಂತಲಾ?"

"ಖುಷಿ ಪಡೋಳು ಅನ್ನಿಸುತ್ತಾ ನಿಮಗೆ?"

ಅವನು ಚಪ್ಪಲಿ ಬಿಟ್ಟು ಬಚ್ಚಲಿಗೆ ನಡೆದ.

ಗುರುವಾರ ಅವನಿಗೆ ವಾರದ ರಜ. ಹೆಂಡತಿ ಕೆಲಸದಿಂದ ಬಂದು ಮಲಗಿದ್ದಳು, ಅಜ್ಜಿ ಹೊಸಿಲ ಬಳಿ ಬಿಸಿಲಿಗೆ ಕೂತಿದ್ದಳು, ಮಗಳು ಆಸ್ಪತ್ರೆಯಿಂದಲೇ ರೂಮು ನೋಡಲು ಹೋಗಿದ್ದಳು. ಹಿಂದಿನ ಕೋಣೆಯ ಬಾಗಿಲು ತೆರೆದೇ ಇತ್ತು. ಮಡಿಸಿಡಲೆಂದು ಕಂಬಳಿಗೆ ಕೈ ಹಾಕಿದವನು ಕಂಪ್ಯೂಟರಿನ ಮುಂದೆ ಕೂತುಬಿಟ್ಟ. ಪರದೆಯ ಮೇಲೆ ನಾಳೆ ಬೆಳಗ್ಗೆ ಹೋಗಬೇಕಾದ ಕಾರ್ಯಕ್ರಮ: 'ಬೀಗದಣ್ಣ'.

ಬೀಗದಣ್ಣ ಎಂದರೆ ಬೀದಿ ಮೂಲೆಯಲ್ಲಿ ತಗಡಿನ ಪೆಟ್ಟಿಗೆಯಂಗಡಿ ಇಟ್ಟುಕೊಂಡು ಕೀಲಿ ಮಾಡಿಕೊಡುವವನು. ಅಪ್ಪ ಹೋಗುವ ಬಸ್ಸು ಇನ್ನೊಂದು ದಿಕ್ಕಿಗಿದ್ದುದರಿಂದ ಅವನ ಮುಖ ನೋಡಿದ್ದನೇ ಹೊರತು ಮಾತು ಕೇಳಿರಲಿಲ್ಲ. ಈಗ ಹೆಡ್‌ಫೋನು ಹಾಕಿಕೊಂಡು ಕೇಳಿದ. ಕೇಳುತ್ತಿದ್ದಂತೆ ಅವನ ಹಲ್ಲು ಕಚ್ಚಿಕೊಂಡವು. ದೂರದಲ್ಲಿ ಬಸ್ಸು. ಎಲ್ಲೋ ಪಾತ್ರೆ ಬಿದ್ದ ಸದ್ದು. ಮಾತಾಡುವವನು ಒಂದೊಂದು ಅಕ್ಷರಕ್ಕೂ ಸಿಕ್ಕಿಬೀಳುತ್ತಿದ್ದಾನೆ; ನಾಲ್ಕು ಮಾತಿಗೊಮ್ಮೆ ಬಾಯಿ ಕಟ್ಟಿ, ಖಾಲಿ ಉಸಿರು. ಮೈಕು ಕಂಡರೆ ನಾಲಿಗೆ ಹೆಪ್ಪುಗಟ್ಟುವವರನ್ನು ಅಪ್ಪ ಎಷ್ಟೋ ನೋಡಿದ್ದ. ಇವನೂ ಅಂಥವನೇ ಎಂದುಕೊಂಡ. ಇದನ್ನು ಹೀಗೇ ಕಳಿಸಿದರೆ ಆ ಮನುಷ್ಯನ ಮರ್ಯಾದೆ ಏನಾಗಬೇಕು?

ಒಂದು ಖಾಲಿ ಉಸಿರನ್ನು ತೆಗೆದ. ಎರಡು ತುದಿ ಜೋಡಿಸಿದ. ಕೇಳಿದ. ಗಾಯವೇ ಕಾಣಲಿಲ್ಲ. ಇನ್ನೊಂದು ತೆಗೆದ.

ಆಮೇಲೆ ಕೈ ನಿಲ್ಲಲಿಲ್ಲ. ತಂತಿಗಳನ್ನು ಸುತ್ತಿಟ್ಟಾಗಿನಿಂದ ಸುಮ್ಮನಿದ್ದ ಬೆರಳುಗಳಿಗೆ ಹಸಿವಾಗಿತ್ತು. ಒಡೆದ ಪದದ ತಲೆಯನ್ನು ಒಂದು ಕಡೆಯಿಂದ, ಬಾಲವನ್ನು ಇನ್ನೊಂದು ಕಡೆಯಿಂದ ತಂದು ಕೂರಿಸಿದ. ಬಸ್ಸನ್ನು ಕರಗಿಸಿದ, ಪಾತ್ರೆಯನ್ನು ಅಳಿಸಿದ. ಅಜ್ಜಿ ಬಂದು, "ಊಟ ಮಾಡಲ್ವೇನೋ?" ಎಂದಳು. ಅವನು ಕೈ ಎತ್ತಿ ತಡೆದ. "ಮಗಳ ಸಾಮಾನು ಮುಟ್ಟೋ ಮೊದಲು ಕೇಳಿದ್ದೀಯಾ?" ಎಂದಳು. ಹೆಡ್‌ಫೋನಿನೊಳಗಿದ್ದವನಿಗೆ ಅದು ಕೇಳಿಸಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಕೆಲಸ ಮುಗಿಯಿತು. ಬೀಗದಣ್ಣ ಈಗ ವಾರ್ತೆ ಓದುವವರ ಹಾಗೆ ಮಾತಾಡುತ್ತಿದ್ದ. ಅದೇ ಹೆಸರಲ್ಲಿ, ಅದೇ ಜಾಗದಲ್ಲಿ ಇಟ್ಟ. ಕೇಂದ್ರದಲ್ಲಿ ಇನ್ನೊಂದು ಅಭ್ಯಾಸವಿತ್ತು: ಕತ್ತರಿಸಿ ಬಿಸಾಡಿದ ಚೂರುಗಳನ್ನು ಉಳಿಸಬಾರದು, ಉಳಿದರೆ ನಾಳೆ ಯಾರೋ ಕೈತಪ್ಪಿ ಮತ್ತೆ ಜೋಡಿಸುತ್ತಾರೆ. ಹಾಗಾಗಿ ಹಳೆಯ ಮುದ್ರಣವನ್ನೆಲ್ಲ ಕಂಪ್ಯೂಟರಿನ ಕಸದ ಬುಟ್ಟಿಗೆ ಹಾಕಿ, ಬುಟ್ಟಿಯನ್ನೂ ಖಾಲಿ ಮಾಡಿ, ಕಂಬಳಿ ಮಡಿಸಿಟ್ಟು ಎದ್ದುಬಂದ. ಯಾರಿಗೂ ಏನೂ ಹೇಳಲಿಲ್ಲ. ತಾನಾಗಿ ಗೊತ್ತಾಗಲಿ ಎಂದುಕೊಂಡ. ಗೊತ್ತಾದ ಮೇಲೆ ರೂಮಿನ ಮಾತು ಬಿಟ್ಟರೂ ಬಿಟ್ಟಾಳು.

ಮಗಳು ತಡವಾಗಿ ಬಂದಳು. "ರೂಮು ಚೆನ್ನಾಗಿದೆ ಅಮ್ಮ. ಆಗಬಹುದು ಅಂದೆ," ಎಂದು ಹೇಳಿ ಮಲಗಿದಳು. ಬೆಳಗ್ಗೆ ಆಸ್ಪತ್ರೆಗೆ ಹೊರಡುವ ಅವಸರದಲ್ಲಿ ಕಾರ್ಯಕ್ರಮವನ್ನು ಎಲ್ಲರಿಗೂ ಕಳಿಸಿದಳು. ಎರಡು ದಿನದ ಹಿಂದೆಯೇ ಪೂರ್ತಿ ಕೇಳಿದ್ದರಿಂದ ಇನ್ನೊಮ್ಮೆ ಕೇಳಲಿಲ್ಲ.

ಆ ಬೆಳಗ್ಗೆ ಅಜ್ಜಿಯ ಫೋನು ಟಿಣ್ ಟಿಣ್ ಎನ್ನುತ್ತಲೇ ಇತ್ತು. ಅವಳು ಕನ್ನಡಕ ಏರಿಸಿ ಒಂದೊಂದನ್ನೇ ಓದಿ ಹೇಳಿದಳು. "ಈ ಸಲ ಎಷ್ಟು ಸ್ಪಷ್ಟ ಅಂತೆ. ದೊಡ್ಡ ರೇಡಿಯೋ ತರ ಇದೆ ಅಂತೆ." ಅಪ್ಪ ಚಹಾ ಕುಡಿಯುತ್ತ ಕಿಟಕಿಯ ಹೊರಗೆ ನೋಡಿದ. ಕೇಂದ್ರದಲ್ಲಿ ಇಷ್ಟು ವರ್ಷ ಅವನ ಕೆಲಸದ ಬಗ್ಗೆ ಯಾರೂ ಒಂದು ಸಾಲು ಬರೆದಿರಲಿಲ್ಲ.

ಶನಿವಾರ ಮಧ್ಯಾಹ್ನ ಬೀಗದಣ್ಣನ ಹೆಂಡತಿ ಬಂದಳು. ಒಳಗೆ ಬಾ ಎಂದರೂ ಬರಲಿಲ್ಲ, ಹೊಸಿಲಲ್ಲೇ ನಿಂತಳು. ಮಗಳು ಆಗಲೇ ಕಾರ್ಯಕ್ರಮ ಕೇಳಿ, ಕಂಪ್ಯೂಟರಿನ ಬುಟ್ಟಿಯನ್ನೆಲ್ಲ ಕೆದಕಿ, ಬೆಳ್ಳಗೆ ಬಿಳುಚಿಕೊಂಡಿದ್ದಳು.

"ಇದು ಯಾರ ದನಿ ತಾಯಿ?" ಎಂದಳು ಆಕೆ. "ನಮ್ಮೋರ ದನಿಯಂತೂ ಅಲ್ಲ. ಮದುವೆ ಆದಾಗಿಂದ ಕೇಳ್ತಾ ಇದ್ದೀನಿ, ಅವರು ಒಂದು ಮಾತಿಗೆ ಎಷ್ಟು ಪಾಡು ಪಡ್ತಾರೆ ಅಂತ ನನಗೆ ಗೊತ್ತು. ನಿನಗೂ ಅದನ್ನೇ ಹೇಳಿದ್ದರಲ್ಲ. ಹೇಗೆ ಮಾತಾಡ್ತೀನೋ ಹಾಗೇ ಬರೋದಾದರೆ ಮಾತ್ರ ಬರ್ತೀನಿ ಅಂತ."

"ಹೇಳಿದ್ದರು ಅಮ್ಮ."

"ಬೆಳಗಿಂದ ಅಂಗಡಿ ಮುಂದೆ ಬಂದೋರೆಲ್ಲ ಏನಂತಾರೆ ಗೊತ್ತಾ? 'ಫೋನಲ್ಲಿ ಪಟಪಟ ಅಂತೀಯ, ನಮ್ಮ ಹತ್ರ ಯಾಕಪ್ಪ ನಾಟಕ? ಇಷ್ಟು ವರ್ಷ ಚೌಕಾಸಿ ತಪ್ಪಿಸಿಕೊಳ್ಳೋಕೆ ಮೂಗನ ವೇಷ ಹಾಕಿದ್ದೆಯಾ?' ನಗ್ತಾರೆ. ಅವರು ಬಾಗಿಲು ಎಳೆದು ಮನೆಗೆ ಬಂದು ಮಲಗಿದ್ದಾರೆ." ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು. "ಅವರು ಹೇಳಿದ್ದಾದರೂ ಏನು? ಬೀಗ ಬಿದ್ದ ಮನೆಯೊಳಗೆ ಸಿಕ್ಕಿಕೊಂಡೋರು ಕೂಗ್ತಾರೆ, ಯಾರಾದರೂ ಇದ್ದೀರಾ ಅಂತ. ಇದ್ದೀನಿ ಅನ್ನೋಕೆ ನನಗೆ ಬಾಯಿ ಬರಲ್ಲ, ಬರೋಷ್ಟರಲ್ಲಿ ಅವರು ಹೆದರಿ ಅರ್ಧ ಆಗಿರ್ತಾರೆ, ಅದಕ್ಕೆ ಬಾಗಿಲು ತಟ್ಟುತ್ತಾ ಇರ್ತೀನಿ ಅಂತ. ಅದನ್ನ ಪಟಪಟ ಅಂತ ಹೇಳಿಸಿದ್ದೀರಲ್ಲ. ನನಗೆ ಮಾತು ಬರಲ್ಲ ಅಂತ ಭಾಷಣ ಮಾಡಿದ ಹಾಗಾಯ್ತು."

ಅಪ್ಪ ಒಳಗಿನ ಬಾಗಿಲ ಬಳಿ ನಿಂತಿದ್ದ. ಆ ಮುದ್ರಣವನ್ನು ಅವನು ಅಷ್ಟು ಹೊತ್ತು, ಅಷ್ಟು ಸಲ ಕೇಳಿದ್ದ. ಸದ್ದು ಕೇಳಿದ್ದ. ಆ ಮನುಷ್ಯ ಏನು ಹೇಳುತ್ತಿದ್ದಾನೆಂದು ಕೇಳಿಯೇ ಇರಲಿಲ್ಲ.

ಆಕೆ ಹೋದ ಮೇಲೆ ಮಗಳು ತಿರುಗಿದಳು.

"ನೀನೇ ತಾನೆ?"

"ನಾನೇ."

"ಯಾಕೆ?"

"ಆ ಮನುಷ್ಯ ನಗೆಪಾಟಲಾಗಬಾರದು ಅಂತ."

"ಈಗ ಆಗಿದ್ದೇನು? ಹಳೇದನ್ನ ಎಲ್ಲಿಟ್ಟಿದ್ದೀಯ?"

"ಬುಟ್ಟಿಗೆ ಹಾಕಿದೆ."

"ಬುಟ್ಟಿಯಲ್ಲಿ ಇಲ್ಲ."

"ಬುಟ್ಟಿ ಖಾಲಿ ಮಾಡಿದೆ. ಕೇಂದ್ರದಲ್ಲಿ ಹಾಗೇ ಮಾಡೋದು."

"ಇದು ಕೇಂದ್ರ ಅಲ್ಲ ಅಪ್ಪ." ಮಗಳ ದನಿ ಏರಲಿಲ್ಲ, ಅದೇ ಕಷ್ಟವಾಗಿತ್ತು. "ಅವರನ್ನ ಒಪ್ಪಿಸೋಕೆ ಎಷ್ಟು ದಿನ ಆ ಅಂಗಡಿ ಮುಂದೆ ನಿಂತಿದ್ದೆ ಗೊತ್ತಾ ನಿನಗೆ? ನಾಳೆಯಿಂದ ಈ ಬೀದಿಯಲ್ಲಿ ಯಾರು ನನ್ನ ನಂಬಿ ಬಾಯಿ ಬಿಡ್ತಾರೆ? ನನ್ನ ಹತ್ರ ಇದ್ದಿದ್ದು ಅದೊಂದೇ. ಸ್ಟುಡಿಯೋ ಇಲ್ಲ, ಜನ ಇಲ್ಲ. ನಂಬಿಕೆ ಒಂದಿತ್ತು."

"ಸರಿ ಮಾಡಿಕೊಡ್ತೀನಿ."

"ಹೇಗೆ? ಅವರಿಲ್ಲದೆ ಅವರ ಮಾತು ಮಾಡೋಕೆ ಬರುತ್ತಾ? ಬಂದರೂ ಬರಬಹುದು ನಿನಗೆ." ಅವಳು ಕೋಣೆಗೆ ಹೋಗಿ ಕಂಬಳಿಗಳನ್ನು ಚೀಲಕ್ಕೆ ತುಂಬತೊಡಗಿದಳು.

ಅಜ್ಜಿ ಗೋಡೆ ಹಿಡಿದುಕೊಂಡು ಬಂದು ಕುರ್ಚಿಯಲ್ಲಿ ಕೂತಳು. "ಅಂತೂ ಇಬ್ಬರೂ ನೇರ ಮಾತಾಡಿದಿರಿ. ನನಗೆ ಬಿಡುವಾಯ್ತು," ಎಂದಳು. ಸ್ವಲ್ಪ ತಡೆದು, "ಅವಳು ಹೋದರೆ ಈ ಮನೆಯಲ್ಲಿ ಸದ್ದು ಮಾಡೋಳು ನಾನೊಬ್ಬಳೇ ಆಗ್ತೀನಿ ಮಗ," ಎಂದಳು.

ಭಾನುವಾರ ಬೆಳಗ್ಗೆ ಹೆಂಡತಿ ಬಟಾಣಿ ಬಿಡಿಸುತ್ತ ಕೂತಿದ್ದಳು. ಅಪ್ಪನೂ ಎದುರು ಕೂತು ಬಿಡಿಸಿದ. ಸಿಪ್ಪೆಯನ್ನು ಕಾಳಿನ ಬಟ್ಟಲಿಗೂ ಕಾಳನ್ನು ಸಿಪ್ಪೆಯ ತಟ್ಟೆಗೂ ಹಾಕುತ್ತಿದ್ದ.

"ಹೋಗಿ ಬೀಗದಣ್ಣನ ಹತ್ರ ಕ್ಷಮೆ ಕೇಳಿಕೊಳ್ಳಿ," ಎಂದಳು ಅವಳು.

"ಏನಂತ? ಗಾಜಿನ ಈಚೆ ಗುಂಡಿ ಒತ್ತಿ ಹೇಳೋದಾದರೆ ಹೇಳ್ತೀನಿ. ಎದುರಿಗೆ ನಿಂತು ನನಗೆ ಗೊತ್ತಾಗಲ್ಲ."

"ಅವರಿಗೂ ಮಾತು ಬರಲ್ಲ, ನಿಮಗೂ ಬರಲ್ಲ. ಒಳ್ಳೇ ಜೋಡಿ. ಹೋಗಿ."

ಸೋಮವಾರ ಕೇಂದ್ರದಿಂದ ಬರುವಾಗ ಅಪ್ಪ ಬೇರೆ ಬಸ್ಸು ಹತ್ತಿ ಬೀದಿ ಮೂಲೆಯಲ್ಲಿ ಇಳಿದ. ಅಂಗಡಿ ತೆರೆದಿತ್ತು. ಕೊಕ್ಕೆಗಳಲ್ಲಿ ಸಾಲಾಗಿ ನೇತಾಡುವ ಕೀಲಿಗಳ ಹಿಂದೆ ಬೀಗದಣ್ಣ ಅರದಿಂದ ಹಿತ್ತಾಳೆ ಉಜ್ಜುತ್ತಿದ್ದ. ದಪ್ಪ ಮೀಸೆ, ಸಣ್ಣ ಕಣ್ಣು. ಅಪ್ಪ ಎದುರು ನಿಂತು, "ನಾನು ಆ ಹುಡುಗಿಯ ತಂದೆ," ಎಂದ.

ಅರ ನಿಂತಿತು.

"ನೀ... ನೀವೇನಾ ಕ್... ಕ್... ಕತ್ತರಿಸಿದ್ದು?"

"ನಾನೇ."

ಬೀಗದಣ್ಣ ಅವನ ಕೈಗಳನ್ನು ನೋಡಿದ. "ಚ್... ಚೆನ್ನಾಗಿ ಕತ್ತರಿಸಿದ್ದೀರಿ. ಗೆ... ಗೆರೆ ಕೂಡ ಕಾಣಲ್ಲ." ಮತ್ತೆ ಅರಕ್ಕೆ ಕೈ ಹಾಕಿದ. "ಅ... ಅದಕ್ಕೇ ಹೊಟ್ಟೆ ಉರೀತು."

ಅಪ್ಪ ಹೋಗಲಿಲ್ಲ. ಗಿರಾಕಿಗಳಿಗೆಂದು ಇಟ್ಟ ಸ್ಟೂಲಿನ ಮೇಲೆ ಕೂತ. ಅಷ್ಟರಲ್ಲಿ ಹಾಲಿನ ಅಂಗಡಿಯವನು ಕೀಲಿಗೊಂಚಲು ತಿರುಗಿಸುತ್ತ ಬಂದ. "ಏನಪ್ಪ ಭಾಷಣಕಾರ, ಒಂದು ನಾಲ್ಕು ಮಾತು ಆಡು, ಕೇಳೋಣ."

ಬೀಗದಣ್ಣನ ಕುತ್ತಿಗೆ ಕೆಂಪಾಯಿತು. ಅಪ್ಪ ಎದ್ದು ನಿಂತ.

"ಅದು ಅವರ ತಪ್ಪಲ್ಲ ಸ್ವಾಮಿ. ನಾನು ಮಾಡಿದ್ದು. ನಾನು ರೇಡಿಯೋದವನು. ಮಾತು ಕತ್ತರಿಸಿ ಅಂಟಿಸೋದು ನನ್ನ ಕೆಲಸ. ಅವರನ್ನ ಕೇಳದೇ ಮಾಡಿದೆ. ಅವರು ಮಾತಾಡೋದು ಹೀಗೇ."

ಹಾಲಿನವನು ಇಬ್ಬರನ್ನೂ ನೋಡಿದ. "ಓ, ಹಂಗಾ. ನಾವೇನೋ ಅಂದ್ಕೊಂಡ್ವಿ," ಎಂದು ಕೀಲಿ ತೆಗೆದುಕೊಂಡು ಹೋದ.

ಮಾರನೇ ದಿನವೂ ಅಪ್ಪ ಹೋದ. ಅದರ ಮಾರನೇ ದಿನವೂ. ಚುಡಾಯಿಸುವವರು ಬಂದರೆ ಎದ್ದು ನಿಂತು ಅದೇ ಮಾತು ಹೇಳುತ್ತಿದ್ದ. ಊರಿಗೆ ಊರೇ ಕೇಳುವಂತೆ ಒಂದೇ ಸಲ ಹೇಳಿ ಮುಗಿಸುವ ಕೆಲಸ ಮಾಡಿ ಬಂದವನಿಗೆ, ಒಬ್ಬೊಬ್ಬರ ಮುಖ ನೋಡಿ ಒಂದೊಂದು ಸಲ ಹೇಳುವುದು ಮೈ ಮುರಿಯುವ ದುಡಿಮೆಯಾಗಿತ್ತು. ಕೆಲವರು ನಕ್ಕರು. ಒಬ್ಬಾಕೆ, "ಹಾಗಾದರೆ ವಾರ್ತೆಯಲ್ಲೂ ಹೀಗೇ ಅಂಟಿಸ್ತೀರಾ?" ಎಂದು ಜಗಳಕ್ಕೇ ನಿಂತಳು. ಅವಳಿಗೂ ಉತ್ತರ ಹೇಳಬೇಕಾಯಿತು. ಯಾರೂ ಬರದ ಹೊತ್ತಿನಲ್ಲಿ ಬೀಗದಣ್ಣ ಕೆಲಸ ಮಾಡುತ್ತಿದ್ದ, ಅಪ್ಪ ಸ್ಟೂಲಿನ ಮೇಲೆ ಕೂತಿರುತ್ತಿದ್ದ. ಇಬ್ಬರ ನಡುವೆ ಅರದ ಕರಕರ. ವಾರದ ಕೊನೆಗೆ ಬೀಗದಣ್ಣನ ಹೆಂಡತಿ ಚಹಾ ತರುವಾಗ ಎರಡು ಲೋಟ ತಂದಳು.

ಮನೆಯಲ್ಲಿ ಮಗಳ ಸಾಮಾನು ಚೀಲಗಳಾಗಿ ಗೋಡೆಯ ಪಕ್ಕ ಸೇರಿತ್ತು. ಆ ಶುಕ್ರವಾರ 'ಕಟ್ಟೆ ಹರಟೆ' ಹೋಗಲಿಲ್ಲ. ಬದಲಿಗೆ ಅವಳು ತನ್ನದೇ ದನಿಯಲ್ಲಿ, ಹೋದ ವಾರದ ಮಾತು ಬೀಗದಣ್ಣನವರದಾಗಿರಲಿಲ್ಲ, ತಪ್ಪು ನಮ್ಮ ಮನೆಯದು ಎಂದಷ್ಟೇ ಹೇಳಿ ಕಳಿಸಿದಳು. ನಮ್ಮ ಅಪ್ಪನದು ಎನ್ನಲಿಲ್ಲ. ಅಪ್ಪ ಅದನ್ನು ಅಜ್ಜಿಯ ಫೋನಿನಲ್ಲಿ ಕೇಳಿ, ಫೋನನ್ನು ಮೆಲ್ಲಗೆ ಮೇಜಿನ ಮೇಲಿಟ್ಟ.

ಮುಂದಿನ ವಾರದ ಒಂದು ಸಂಜೆ ಬೀಗದಣ್ಣ ಅಂಗಡಿ ಮುಚ್ಚುವ ಮೊದಲು ಅಪ್ಪನ ಕಡೆ ತಿರುಗಿದ.

"ಹ್... ಹುಡುಗಿಗೆ ಹೇಳಿ. ಇನ್ನೊಂದು ಸಲ ಮ್... ಮಾತಾಡ್ತೀನಿ."

ಅಪ್ಪ ಕತ್ತೆತ್ತಿದ.

"ಆ ಕಂ... ಕಂಬಳಿ ಕೋಣೆಯಲ್ಲಿ ಅಲ್ಲ. ಇಲ್ಲಿ. ಕ್... ಕೆಲಸ ಮಾಡ್ತಾ."

"ಇಲ್ಲಿ ಬಸ್ಸು ಬರುತ್ತಲ್ಲ."

"ಬ... ಬಸ್ಸು ಬರದೇ ಇದ್ದರೆ ನ್... ನನಗೆ ಗಿರಾಕಿ ಎಲ್ಲಿಂದ?" ಬೀಗದಣ್ಣ ಮೊದಲ ಸಲ ನಕ್ಕ. ಮತ್ತೆ ಗಂಭೀರನಾದ. "ಮೈಕು ನೀ... ನೀವೇ ಹಿಡೀಬೇಕು."

ಅಂದು ಊಟಕ್ಕೆ ಕೂತಾಗ ಅಪ್ಪ ಅಭ್ಯಾಸಬಲದಿಂದ, "ಅಮ್ಮ, ಅವಳಿಗೆ ಹೇಳು," ಎಂದು ಶುರು ಮಾಡಿದ. ಅಜ್ಜಿ ಕಿವಿ ಮುಚ್ಚಿಕೊಂಡಳು. ಅವನು ಮಗಳ ಕಡೆ ತಿರುಗಿ ಹೇಳಿದ.

ಮಗಳು ತಟ್ಟೆಯಿಂದ ಕಣ್ಣೆತ್ತಲಿಲ್ಲ. "ನೀನು ಯಾಕೆ ಹಿಡೀಬೇಕಂತೆ?"

"ಗೊತ್ತಿಲ್ಲ. ಕೇಳಲಿಲ್ಲ."

"ಕತ್ತರಿಸಲ್ಲ ತಾನೆ?"

"ಮುಟ್ಟಲ್ಲ."

"ಮಧ್ಯೆ ನಿಲ್ಲಿಸಿ 'ಇನ್ನೊಂದು ಸಲ' ಅನ್ನಬಾರದು."

"ಅನ್ನಲ್ಲ."

"ಮೊಟ್ಟೆ ಆರಿಹೋಗ್ತಿದೆ, ತಿನ್ನಿ," ಎಂದಳು ಹೆಂಡತಿ. ಅವಳ ಮುಖ ಬೇರೆ ಕಡೆಗಿತ್ತು.

ಗುರುವಾರ ಮಧ್ಯಾಹ್ನ ಮೂವರೂ ಅಂಗಡಿಯ ಮುಂದೆ ಸೇರಿದರು. ಮೈಕಿಗೆ ಸ್ಟ್ಯಾಂಡು ಇರಲಿಲ್ಲ, ಮೇಜು ಇರಲಿಲ್ಲ. ಅಪ್ಪ ಹೆಡ್‌ಫೋನು ಹಾಕಿ, ಮೈಕನ್ನು ಬೀಗದಣ್ಣನ ಗಲ್ಲದ ಕೆಳಗೆ ಹಿಡಿದು ಸ್ಟೂಲಿನ ಮೇಲೆ ಕೂತ. ಕಿವಿಯೊಳಗೆ ಬೀದಿಯೇ ನುಗ್ಗಿಬಂತು: ಬ್ರೇಕು, ಪಾರಿವಾಳದ ರೆಕ್ಕೆ, ಎದುರು ಮಹಡಿಯಲ್ಲಿ ಯಾರೋ ಬಟ್ಟೆ ಒದರುವುದು, ಅರದ ಕರಕರ. ಗಾಜಿನ ಗೋಡೆ ಎಲ್ಲೂ ಇರಲಿಲ್ಲ.

ಮಗಳು ಕೇಳಿದಳು, ಬೀಗದಣ್ಣ ಹೇಳುತ್ತಾ ಹೋದ. ಹಿಂದಿನ ಸಲಕ್ಕಿಂತ ನಿಧಾನವಾಗಿ. ಸಿಕ್ಕಿಕೊಂಡ ಕಡೆ ಅರ ಮುಂದುವರಿಯುತ್ತಿತ್ತು. ಮಾತು ಬಿಡಿಸಿಕೊಂಡಾಗ ಅರ ನಿಲ್ಲುತ್ತಿತ್ತು. ವಯಸ್ಸಾದ ಒಬ್ಬರು ಒಳಗಿನಿಂದ ಚಿಲಕ ಹಾಕಿಕೊಂಡು ಬಿದ್ದುಬಿಟ್ಟಿದ್ದ ಮನೆಯ ವಿಷಯ ಬಂತು. ಆ ಮುದುಕರು ಒಳಗಿನಿಂದ ಕೂಗಿದರಂತೆ, ಹೊರಗೆ ಯಾರಾದರೂ ಇದ್ದೀರಾ ಅಂತ.

"ನ್... ನಾನು ಅನ್ನಬೇಕು," ಎಂದ ಬೀಗದಣ್ಣ. "ಅನ್ನಬೇಕು, ಇ..."

ನಿಂತುಬಿಟ್ಟಿತು.

ತುಟಿ ತೆರೆದೇ ಇತ್ತು. ಕುತ್ತಿಗೆಯ ನರ ಬಿಗಿದು ನಿಂತಿತು. ಅರವೂ ಈಗ ಆಡಲಿಲ್ಲ. ಅಪ್ಪನ ಹೆಬ್ಬೆರಳಿನ ಕೆಳಗೇ ಮೈಕು ನಿಲ್ಲಿಸುವ ಗುಂಡಿ ಇತ್ತು. ಒತ್ತಿ, "ಪರವಾಗಿಲ್ಲ, ನೀರು ಕುಡೀರಿ, ಮತ್ತೆ ಮಾಡೋಣ," ಎಂದು ಎಷ್ಟು ಜನರಿಗೆ ಹೇಳಿರಲಿಲ್ಲ ಅವನು. ಮಗಳು ಬೀಗದಣ್ಣನನ್ನು ನೋಡುತ್ತಿರಲಿಲ್ಲ. ಆ ಹೆಬ್ಬೆರಳನ್ನೇ ನೋಡುತ್ತಿದ್ದಳು. ಒಂದು ಬಸ್ಸು ಬಂದು ನಿಂತು, ಜನರನ್ನು ಇಳಿಸಿ ಹೋಯಿತು. ಮೈಕು ಹಿಡಿದ ಮೊಣಕೈಗೆ ಅಪ್ಪ ಇನ್ನೊಂದು ಕೈಯನ್ನು ಆಸರೆಯಾಗಿ ಕೊಟ್ಟ. ಆ ಖಾಲಿಯೊಳಗೆ ಅವನಿಗೆ ಈಗ ಒಂದು ಸಣ್ಣ ಸದ್ದು ಕೇಳಿಸಿತು. ಬೀಗದಣ್ಣನ ಬೆರಳು ಅಂಗಡಿಯ ತಗಡನ್ನು ತಟ್ಟುತ್ತಿತ್ತು. ಟಕ್. ಟಕ್. ಟಕ್.

"...ಇದ್ದೀನಿ," ಎಂದ ಬೀಗದಣ್ಣ.

ಅಪ್ಪನಿಗೆ ಕಣ್ಣು ಮಂಜಾಯಿತು. ಎರಡೂ ಕೈ ಮೈಕಿಗೆ ಕೊಟ್ಟಿದ್ದರಿಂದ ಒರೆಸಿಕೊಳ್ಳಲಾಗಲಿಲ್ಲ.

ಆ ಸಂಜೆ ಮಗಳು ಮುದ್ರಣವನ್ನು ಅಡುಗೆಮನೆಯ ಮೇಜಿನ ಮೇಲೆ ಎಲ್ಲರಿಗೂ ಕೇಳಿಸಿದಳು. ಹೆಂಡತಿ ಹಿಟ್ಟಿನ ಕೈಯಲ್ಲೇ ನಿಂತು ಕೇಳಿದಳು. ಅಜ್ಜಿ ಚೆನ್ನಾಗಿ ಕೇಳುವ ಕಿವಿಯನ್ನು ಹತ್ತಿರ ತಂದಳು. ತಟ್ಟುವ ಸದ್ದಿಗೆ ಕುಕ್ಕರಿನ ಕೂಗು ಸೇರಿದಾಗ ಯಾರೂ ಒಲೆಯ ಕಡೆಗೆ ಓಡಲಿಲ್ಲ.

"ಬಸ್ಸು ಜೋರಾಯ್ತಾ?" ಎಂದು ಮಗಳು ಕೇಳಿದಳು. ಯಾರನ್ನು ಎಂದು ಹೇಳಲಿಲ್ಲ.

ಅಪ್ಪ ಯೋಚಿಸಿದ. "ಮೈಕು ಇನ್ನೊಂದು ಗೇಣು ಕೆಳಗೆ ಹಿಡಿದಿದ್ದರೆ ಅರದ ಸದ್ದು ಚೆನ್ನಾಗಿ ಸಿಗ್ತಿತ್ತು. ಬಸ್ಸು ಇರಲಿ."

ಶುಕ್ರವಾರ ಕಾರ್ಯಕ್ರಮ ಹೋಯಿತು. ಸ್ಪಷ್ಟವಾಗಿದೆ ಎಂದು ಈ ಸಲ ಯಾರೂ ಬರೆಯಲಿಲ್ಲ. ಭಾನುವಾರದ ಹೊತ್ತಿಗೆ ಬೇರೆಯದೇ ಬರತೊಡಗಿತು: ಇಸ್ತ್ರಿಯಂಗಡಿಯವಳು, ನಮ್ಮ ಅಂಗಡಿಗೂ ಬನ್ನಿ, ನಾನು ಕೆಲಸ ಬಿಟ್ಟು ನಿಮ್ಮ ಮನೆಗೆ ಬರೋಕೆ ಆಗಲ್ಲ ಎಂದಿದ್ದಳು. ಬಸ್ಸಿನ ಕಂಡಕ್ಟರೊಬ್ಬ ನಮ್ಮ ಬಸ್ಸೊಳಗೇ ಮಾಡಿ ಎಂದಿದ್ದ.

ಅಂದು ಮಧ್ಯಾಹ್ನ ಮಗಳು ಫೋನು ಹಿಡಿದು ಹಿತ್ತಲಿಗೆ ಹೋದಳು. ಅಪ್ಪ ಕಿಟಕಿಯ ಈಚೆ ಬಟ್ಟೆ ಮಡಿಸುತ್ತಿದ್ದ, ಮಾತು ಕೇಳಿಸುತ್ತಿತ್ತು.

"ಇಲ್ಲ ಸಾರ್, ರೂಮು ಚೆನ್ನಾಗೇ ಇದೆ. ತುಂಬ ಸದ್ದಿಲ್ಲದ ಜಾಗ... ಹೌದು, ಅದಕ್ಕೇ ನೋಡಿದ್ದು. ಈಗ ಬೇಕಾಗಿಲ್ಲ. ನಮ್ಮ ಕೆಲಸ ಬೀದಿಯಲ್ಲೇ ಆಗುತ್ತೆ. ಬೇರೆ ಯಾರಿಗಾದರೂ ಕೊಡಿ."

ಅವಳು ಒಳಗೆ ಬಂದು ಗೋಡೆಯ ಪಕ್ಕದ ಚೀಲದಿಂದ ಒಂದು ಕಂಬಳಿ ತೆಗೆದು ಅಜ್ಜಿಯ ಮಂಚದ ಮೇಲೆ ಹಾಕಿದಳು. ಉಳಿದವನ್ನು ಬಿಚ್ಚಲು ಹೋಗಲಿಲ್ಲ. ಹೊರಡಲೂ ಇಲ್ಲ. ಅಪ್ಪ ಮಡಿಸಿದ ಅಂಗಿಯನ್ನು ಬಿಚ್ಚಿ ಮತ್ತೊಮ್ಮೆ ಮಡಿಸಿದ.

ಕೇಂದ್ರದಲ್ಲಿ ಈಗ ಅವನಿಗೆ ಪರದೆ ನೋಡುವ ಕೆಲಸವಷ್ಟೇ. ಸಂಜೆ ಬೇಗ ಬಿಡುತ್ತಿದ್ದರು. ಗುರುವಾರಗಳಂದು ಮಗಳು, "ಬರ್ತೀಯಾ?" ಎಂದಷ್ಟೇ ಕೇಳುತ್ತಿದ್ದಳು. ಅವನು ಚಪ್ಪಲಿ ಮೆಟ್ಟುತ್ತಿದ್ದ. ಮೈಕು ಹಿಡಿಯುವ ಬಗೆಗೆ ಇಬ್ಬರಿಗೂ ದಾರಿಯುದ್ದಕ್ಕೂ ಜಗಳ. ಹತ್ತಿರ ಹಿಡಿದರೆ ಉಸಿರು ಬಡಿಯುತ್ತದೆಂದು ಅವನು, ದೂರ ಹಿಡಿದರೆ ಮಾತಾಡುವವರು ದೂರವಾಗುತ್ತಾರೆಂದು ಅವಳು.

ಇಸ್ತ್ರಿಯಂಗಡಿಯ ಹೊಸಿಲಲ್ಲಿ ಬಿಸಿ ಬಟ್ಟೆಯ ವಾಸನೆ ಹೊಡೆಯಿತು. ಅಂಗಡಿಯವಳು ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಮಗಳನ್ನು ನೋಡಿ ನಕ್ಕಳು. ಹಿಂದೆ ಹೆಡ್‌ಫೋನು ಕುತ್ತಿಗೆಗೆ ಹಾಕಿಕೊಂಡು, ತಲೆ ನರೆತ ಮನುಷ್ಯನೊಬ್ಬ ಚೀಲ ಹೊತ್ತು ನಿಂತಿದ್ದನ್ನು ಕಂಡು ಹುಬ್ಬೇರಿಸಿದಳು.

"ಇವರು ಯಾರಮ್ಮ?"

ಮಗಳು ಅಪ್ಪನ ಕಡೆ ಒಮ್ಮೆ ತಿರುಗಿ ನೋಡಿದಳು.

"ನಮ್ಮವರೇ," ಎಂದಳು. "ಹೊಸದಾಗಿ ಸೇರಿದ್ದಾರೆ. ಕೆಲಸ ಕಲೀತಿದ್ದಾರೆ."

ಅಪ್ಪ ಚೀಲ ಇಳಿಸಿ, ಕೂರಲು ಎಲ್ಲಿ ಜಾಗ ಎಂದು ನೋಡಿದ.